ಅಕ್ಷರ ನುಂಗಿ ಹಸಿರು ಟಿಕ್ ತೋರಿಸುವ ಆಡ್-ಆನ್

ಇವತ್ತು ಬರೆಯಲೇಬೇಕು. ತಡೆದುಕೊಳ್ಳುವ ಶಕ್ತಿ ಉಳಿದಿಲ್ಲ.

ನಾನು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹತ್ತನೇ ತರಗತಿಯ ಮಕ್ಕಳಿಗೆ ಅಭ್ಯಾಸದ ಹಾಳೆಗಳನ್ನು ಲೇಟೆಕ್‌ನಲ್ಲಿ, ಅಂದರೆ ನಾವು ಬರೆದ ಕಮಾಂಡ್‌ಗಳಿಂದ ಅಚ್ಚಿನ ಪುಟ ಮಾಡಿಕೊಡುವ ತಂತ್ರಾಂಶದಲ್ಲಿ, ಮಾಡುತ್ತೇನೆ. ವರ್ಗ ಸಮೀಕರಣ, ಸಮಾಂತರ ಶ್ರೇಢಿ, ತ್ರಿಕೋನಮಿತಿ, ಇವೆಲ್ಲ ಲೇಟೆಕ್‌ನಲ್ಲಿ ಕೂತಷ್ಟು ಚೆನ್ನಾಗಿ ಬೇರೆಲ್ಲೂ ಕೂರುವುದಿಲ್ಲ. ಲೇಟೆಕ್ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಅದನ್ನು ಎಡಿಟರ್ ಒಳಗಿಂದಲೇ ಓಡಿಸುತ್ತೇನೆ ಎಂದು ಬಂದು ಕೂರುವ ಆಡ್-ಆನ್ ಮೇಲೆ.

ಮೊನ್ನೆ ಒಂದು ಹಾಳೆ ಮಾಡಿದೆ. ಅದರಲ್ಲಿ ಒಂದು ಸೂತ್ರ: ವಿಸ್ತೀರ್ಣ = ಉದ್ದ × ಅಗಲ. ಸೇವ್ ಕೊಟ್ಟೆ, ಆಡ್-ಆನ್ ತಾನಾಗಿಯೇ ಬಿಲ್ಡ್ ಮಾಡಿತು (ಅಂದರೆ ಫೈಲನ್ನು ಪಿಡಿಎಫ್ ಆಗಿಸಿತು), ಕೆಳಗೆ ಹಸಿರು ಟಿಕ್ ಬಂತು. ಎಲ್ಲ ಸರಿಯಾಗಿದೆ ಎಂದು ಅದರ ಅರ್ಥ ತಾನೇ? ಪಿಡಿಎಫ್ ತೆರೆದರೆ ಆ ಜಾಗದಲ್ಲಿ ಇದ್ದದ್ದು ಒಂದು ಸಮ ಚಿಹ್ನೆ, ಒಂದು ಗುಣಾಕಾರ ಚಿಹ್ನೆ, ಅಷ್ಟೇ. ಮೂರು ಕನ್ನಡ ಪದಗಳೂ ಮಾಯ. ಎಚ್ಚರಿಕೆ ಇಲ್ಲ, ಕೆಂಪು ಗೆರೆ ಇಲ್ಲ, ಒಂದು ಹಳದಿ ತ್ರಿಕೋನ ಕೂಡ ಇಲ್ಲ.

ಇದು ಯಾಕೆ ಆಗುತ್ತದೆ ಎಂದು ಈಗ ಗೊತ್ತು. ಗಣಿತದ ಮೋಡ್‌ನಲ್ಲಿ ಅಕ್ಷರಗಳು ಗಣಿತದ ಫಾಂಟ್‌ನಿಂದ ಬರಬೇಕು. ಆ ಫಾಂಟ್‌ನಲ್ಲಿ ಕನ್ನಡ ಇಲ್ಲ. ಫಾಂಟ್‌ನಲ್ಲಿ ಇಲ್ಲದ ಅಕ್ಷರ ಸಿಕ್ಕರೆ ಟೆಕ್ (ಲೇಟೆಕ್‌ನ ಒಳಗಿರುವ ಮೂಲ ಪ್ರೋಗ್ರಾಂ) ನಿಲ್ಲುವುದಿಲ್ಲ. 'ಮಿಸ್ಸಿಂಗ್ ಕ್ಯಾರೆಕ್ಟರ್' (ಅಕ್ಷರ ಸಿಗಲಿಲ್ಲ) ಎಂದು ಲಾಗ್ ಫೈಲ್‌ನಲ್ಲಿ, ಅಂದರೆ ಬಿಲ್ಡ್‌ನಲ್ಲಿ ಏನೇನಾಯಿತು ಎಂಬ ದಾಖಲೆಯಲ್ಲಿ, ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತದೆ. ಕನ್ನಡ ಪದವನ್ನು ಟೆಕ್ಸ್ಟ್ ಕಮಾಂಡ್ ಒಳಗೆ ಹಾಕಿದರೆ ಸರಿಹೋಗುತ್ತದೆ. ಸರಿ, ಪರಿಹಾರ ಇದೆ. ಆದರೆ ಲಾಗ್‌ನಲ್ಲಿ ಆ ಸಾಲು ಇರುವಾಗ, ಲಾಗ್ ಓದಿ ಬಳಕೆದಾರನಿಗೆ ಹೇಳುವುದೇ ಆಡ್-ಆನ್ ಕೆಲಸ ಆಗಿರುವಾಗ, ಅದು ಹೇಳಲಿಲ್ಲ ಯಾಕೆ? ಒಂದು ಗೆರೆ ಅಂಚಿನಿಂದ ಚೂರು ಹೊರಗೆ ಹೋದರೆ 'ಓವರ್‌ಫುಲ್ ಹೆಚ್‌ಬಾಕ್ಸ್' ಎಂದು ಪಟ್ಟಿಗಟ್ಟಲೆ ಎಚ್ಚರಿಸುತ್ತದೆ. ಕೂದಲೆಳೆಯಷ್ಟು ಜರುಗಿದ್ದು ದೊಡ್ಡ ವಿಷಯ, ಇಡೀ ಪದ ಇಲ್ಲವಾದದ್ದು ವಿಷಯವೇ ಅಲ್ಲ!

ಇದು ಗಣಿತದಲ್ಲಿ ಮಾತ್ರ ಅಲ್ಲ. ಕೆಲವು ಡಾಕ್ಯುಮೆಂಟ್ ಕ್ಲಾಸ್‌ಗಳಲ್ಲಿ (ಪುಟದ ಸಿದ್ಧ ಮಾದರಿಗಳಲ್ಲಿ) ಶೀರ್ಷಿಕೆಗಳು ಮುಖ್ಯ ಫಾಂಟ್ ಬಿಟ್ಟು ಸ್ಯಾನ್ಸ್ ಎಂಬ ಬೇರೆ ಬಗೆಯ ಫಾಂಟ್‌ನಲ್ಲಿ ಬರುತ್ತವೆ. ನೀವು ಮುಖ್ಯ ಫಾಂಟ್ ಎಂದು ನೋಟೊ ಸೆರಿಫ್ ಕನ್ನಡ ಕೊಟ್ಟಿದ್ದೀರಿ, ಸ್ಯಾನ್ಸ್‌ಗೆ ಏನೂ ಕೊಟ್ಟಿಲ್ಲ ಅಂದುಕೊಳ್ಳಿ. ಪಾಠದ ತುಂಬ ಕನ್ನಡ ಚೆನ್ನಾಗಿ ಬರುತ್ತದೆ, ಶೀರ್ಷಿಕೆಗಳು ಮಾತ್ರ ಖಾಲಿ. ಟೈಪ್‌ರೈಟರ್ ಫಾಂಟ್‌ನದ್ದೂ ಇದೇ ಕತೆ. ಆಗಲೂ ಹಸಿರು ಟಿಕ್.

ನಲವತ್ತು ಪುಟ ಇದ್ದರೆ ಯಾರು ಒಂದೊಂದು ಪದವನ್ನೂ ಮೂಲದ ಜೊತೆ ಹೋಲಿಸಿ ನೋಡುತ್ತಾರೆ? ಜೆರಾಕ್ಸ್ ಆಗಿ ಮಕ್ಕಳ ಕೈಗೆ ಹೋದ ಮೇಲೆ "ಸರ್, ಇಲ್ಲಿ ಏನೂ ಇಲ್ಲ" ಎಂದು ಮಕ್ಕಳೇ ಹೇಳಬೇಕಾಗುತ್ತದೆ. ಆ ಮಕ್ಕಳ ಅಪ್ಪ ಅಮ್ಮ ಒಂದೊಂದು ರೂಪಾಯಿ ಲೆಕ್ಕ ಹಾಕಿ ಜೆರಾಕ್ಸ್‌ಗೆ ದುಡ್ಡು ಕೊಟ್ಟಿರುತ್ತಾರೆ. ನನಗೆ ಉರಿಯುವುದು ಅದಕ್ಕೆ.

ನಿಮಗೂ ಇದೇ ಪಾಡಾಗಿದ್ದರೆ ಒಂದು ದಾರಿ ಇದೆ. ಟೆಕ್ ಲೈವ್ (ಟೆಕ್, ಲೇಟೆಕ್ ಎಲ್ಲ ಒಟ್ಟಿಗೆ ಸಿಗುವ ಕಟ್ಟು) 2021ರಿಂದ 'ಟ್ರೇಸಿಂಗ್‌ಲಾಸ್ಟ್‌ಚಾರ್ಸ್' ಎಂಬ ಸೆಟ್ಟಿಂಗನ್ನು 3 ಎಂದು ಕೊಟ್ಟರೆ ಅಕ್ಷರ ಸಿಗದಿದ್ದಾಗ ಅದನ್ನು ನಿಜವಾದ ಎರರ್ ಎಂದೇ ಪರಿಗಣಿಸುತ್ತದೆ. ಫೈಲಿನ ಮೇಲ್ಭಾಗದಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಇಷ್ಟು ಸುಲಭ. ಇದನ್ನು ಆಡ್-ಆನ್‌ನ ಸಹಾಯ ಪುಟದಲ್ಲಿ ಯಾರಾದರೂ ಬರೆದಿದ್ದಾರಾ? ನನಗಂತೂ ಸಿಗಲಿಲ್ಲ.

ಇನ್ನು ಡೀಫಾಲ್ಟ್ ವಿಚಾರ. ಹೊಸದಾಗಿ ಆಡ್-ಆನ್ ಹಾಕಿಕೊಂಡು ಕನ್ನಡ ಫೈಲ್ ಬಿಲ್ಡ್ ಮಾಡಿ ನೋಡಿ. ಅದು ಓಡಿಸುವುದು ಪಿಡಿಎಫ್‌ಲೇಟೆಕ್ ಎಂಬ ಎಂಜಿನ್ (ಫೈಲನ್ನು ಪಿಡಿಎಫ್ ಆಗಿಸುವ ಪ್ರೋಗ್ರಾಂ). ಕನ್ನಡಕ್ಕೆ ಅದರಿಂದ ಉಪಯೋಗ ಇಲ್ಲ. ಪ್ರತಿ ಕನ್ನಡ ಅಕ್ಷರಕ್ಕೂ 'ನಾಟ್ ಸೆಟ್ ಅಪ್ ಫಾರ್ ಯೂಸ್' ಎಂಬ ಎರರ್ ಬೀಳುತ್ತದೆ. ಕನ್ನಡಕ್ಕೆ ಬೇಕಾದದ್ದು ಝೀಲೇಟೆಕ್ ಅಥವಾ ಲುವಾಲೇಟೆಕ್ ಎಂಬ ಎಂಜಿನ್. ಸರಿ, ಫೈಲಿನ ಮೊದಲ ಸಾಲಿನಲ್ಲಿ ಝೀಲೇಟೆಕ್ ಬೇಕು ಎಂದು ಮ್ಯಾಜಿಕ್ ಕಾಮೆಂಟ್ (ಎಡಿಟರ್‌ಗಾಗಿಯೇ ಬರೆಯುವ ಸೂಚನೆ) ಬರೆಯುತ್ತೀರಿ. ಕೆಲವು ಆಡ್-ಆನ್‌ಗಳು ಅದನ್ನು ಗೌರವಿಸುತ್ತವೆ. ಕೆಲವು, ಬೇರೆಲ್ಲೋ ಒಂದು ಸೆಟ್ಟಿಂಗ್ ಬದಲಾಯಿಸುವ ತನಕ, ಕಣ್ಣೆತ್ತಿಯೂ ನೋಡುವುದಿಲ್ಲ. ಯಾವುದು ನೋಡುತ್ತದೆ, ಯಾವುದು ನೋಡುವುದಿಲ್ಲ ಎಂದು ತಿಳಿಯಲು ನಾವು ಸೆಟ್ಟಿಂಗ್‌ಗಳ ಕಾಡಿನಲ್ಲಿ ಅಲೆಯಬೇಕು.

ಡೊನಾಲ್ಡ್ ಕ್ನೂತ್ ಟೆಕ್ ಬರೆದದ್ದು 1970ರ ದಶಕದ ಕೊನೆಯಲ್ಲಿ. ಆಗ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿ) ಇರಲಿಲ್ಲ, ಅವರನ್ನು ಯಾರೂ ದೂರಲಾಗದು. ಆದರೆ 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಝೀಲೇಟೆಕ್‌ಗೆ ಆಧಾರವಾದ ಝೀಟೆಕ್ 2004ರಲ್ಲೇ ಬಂತು. ಅದಾಗಿ ಇಷ್ಟು ವರ್ಷಗಳ ನಂತರ ಬರೆದ ಆಡ್-ಆನ್, ಫೈಲಿನ ತುಂಬ ಕನ್ನಡ ಕಾಣುತ್ತಿದ್ದರೂ "ಎಂಜಿನ್ ಬದಲಾಯಿಸಲಾ?" ಎಂದು ಒಂದು ಮಾತು ಕೇಳುವುದಿಲ್ಲ ಅಂದರೆ ಅದಕ್ಕೆ ಕ್ಷಮೆ ಇಲ್ಲ.

ಎಂಜಿನ್ ಸರಿಹೋದರೂ ಮುಗಿಯುವುದಿಲ್ಲ. ಫಾಂಟ್ ಹೇಳುವಾಗ ಸ್ಕ್ರಿಪ್ಟ್ ಕನ್ನಡ ಎಂದು ಬೇರೆಯಾಗಿ ಹೇಳಬೇಕು. ಹೇಳದಿದ್ದರೆ ಒತ್ತಕ್ಷರಗಳು ಒಡೆದು ಬೀಳುತ್ತವೆ. ಲುವಾಲೇಟೆಕ್ ಆದರೆ ರೆಂಡರರ್ (ಅಕ್ಷರಗಳನ್ನು ಜೋಡಿಸುವ ಭಾಗ) ಹಾರ್ಫ್‌ಬಜ್ ಎಂದೂ ಸೇರಿಸಿದರೆ ಒಳ್ಳೆಯದು. ವಿಂಡೋಸ್‌ನಲ್ಲಿ ಫಾಂಟನ್ನು ಎಲ್ಲ ಬಳಕೆದಾರರಿಗೂ ಎಂದು ಇನ್‌ಸ್ಟಾಲ್ ಮಾಡದಿದ್ದರೆ, ಬೇರೆಲ್ಲ ಕಡೆ ಕಾಣುವ ಫಾಂಟ್ ಲೇಟೆಕ್‌ಗೆ ಎಷ್ಟೋ ಸಲ ಕಾಣುವುದೇ ಇಲ್ಲ.

ಇಲ್ಲಿಂದ ಮುಂದಿನದು ಇನ್ನೂ ಹೊಟ್ಟೆ ಉರಿಸುವ ಸಂಗತಿ. ಫಾಂಟ್ ಸಿಗಲಿಲ್ಲ ಎಂದು ಬಿಲ್ಡ್ ನಿಂತಿತು. ಫಾಂಟ್ ಇನ್‌ಸ್ಟಾಲ್ ಮಾಡಿ ಮತ್ತೆ ಬಿಲ್ಡ್ ಕೊಟ್ಟರೆ ಮತ್ತೆ ಅದೇ ಎರರ್. ಯಾಕೆ ಗೊತ್ತಾ? ಆಡ್-ಆನ್‌ನ ಹಿಂದೆ ನಿಂತು ಎಂಜಿನ್ ಓಡಿಸುವ ಲೇಟೆಕ್‌ಎಂಕೆ ಎಂಬ ಪ್ರೋಗ್ರಾಂ ನೋಡುವುದು ಫೈಲ್‌ಗಳು ಬದಲಾಗಿವೆಯೇ ಎಂದು ಮಾತ್ರ. ನಿಮ್ಮ ಫೈಲ್ ಬದಲಾಗಿಲ್ಲ, ಹಾಗಾಗಿ "ಮಾಡಲು ಏನೂ ಇಲ್ಲ, ಹಿಂದಿನ ಸಲ ಎರರ್ ಬಂದಿತ್ತು" ಎಂದು ಹೇಳಿ ಎದ್ದು ಹೋಗುತ್ತದೆ. ಆಡ್-ಆನ್ ಆ ಮಾತನ್ನು ನಿಮಗೆ ತಲುಪಿಸುವುದಿಲ್ಲ. ಹಳೇ ಕೆಂಪು ಗುರುತನ್ನೇ ಮತ್ತೆ ತೋರಿಸುತ್ತದೆ. ನೀವು ಮಾಡಿದ ರಿಪೇರಿ ಸರಿಯಾಗಿಯೇ ಇರುತ್ತದೆ, ಆದರೆ ಅದು ತಪ್ಪು ಎಂದು ನಂಬಿ ನೀವು ಬೇರೆ ಏನೇನೋ ಕೆಡಿಸಲು ಹೊರಡುತ್ತೀರಿ. ಸುಮ್ನೆ ಬಿಲ್ಡ್ ಮಾಡುವಾಗ ಹುಟ್ಟುವ ಆಕ್ಸ್ ಮತ್ತು ಉಳಿದ ತಾತ್ಕಾಲಿಕ ಫೈಲ್‌ಗಳನ್ನು ಅಳಿಸಿ ಮತ್ತೆ ಓಡಿಸಿದರೆ ಸಾಕಿತ್ತು. ಇದನ್ನು ಹೇಳಲು ಒಂದು ವಾಕ್ಯ ಸಾಕಲ್ವಾ?

ಎರರ್ ಸಂದೇಶಗಳಂತೂ ದೇವರಿಗೇ ಪ್ರೀತಿ. ಮೂಲೆಯಲ್ಲಿ ಒಂದು ಪುಟ್ಟ ಡಬ್ಬಿ ಮೂಡಿ 'ರೆಸಿಪಿ ಟರ್ಮಿನೇಟೆಡ್ ವಿತ್ ಎರರ್' (ಬಿಲ್ಡ್ ಎರರ್‌ನಿಂದ ನಿಂತಿತು) ಅನ್ನುತ್ತದೆ. ಯಾವ ಎರರ್, ಎಲ್ಲಿ, ಯಾಕೆ, ಒಂದೂ ಇಲ್ಲ. ಕಾರಣ ಏನಾದರೂ ಇರಬಹುದು. ಲೇಟೆಕ್ಕೇ ಇನ್‌ಸ್ಟಾಲ್ ಆಗಿಲ್ಲದಿರಬಹುದು. ಇನ್‌ಸ್ಟಾಲ್ ಆಗಿದ್ದರೂ ಪಾತ್‌ನಲ್ಲಿ (ಕಂಪ್ಯೂಟರ್ ಪ್ರೋಗ್ರಾಂಗಳನ್ನು ಹುಡುಕುವ ಜಾಗಗಳ ಪಟ್ಟಿಯಲ್ಲಿ) ಸೇರಿರದೆ ಇರಬಹುದು. ಟೆಕ್ ಲೈವ್ ಬದಲು ಮಿಕ್‌ಟೆಕ್ ಎಂಬ ಕಟ್ಟನ್ನು ಬಳಸುವ ವಿಂಡೋಸ್ ಯಂತ್ರದಲ್ಲಿ, ಅದಕ್ಕೆ ಬೇಕಾದ ಪರ್ಲ್ ಎಂಬ ಪ್ರೋಗ್ರಾಂ ಇಲ್ಲದೆ ಲೇಟೆಕ್‌ಎಂಕೆ ಓಡದೆ ಇರಬಹುದು. ಅಥವಾ ಪಿಡಿಎಫ್ ಅನ್ನು ಬೇರೆ ರೀಡರ್‌ನಲ್ಲಿ ತೆರೆದಿಟ್ಟಿದ್ದು, ಆ ರೀಡರ್ ಫೈಲಿಗೆ ಬೀಗ ಹಾಕಿಕೊಂಡಿರಬಹುದು. ಇವಕ್ಕೆಲ್ಲ ಒಂದೇ ಡಬ್ಬಿ, ಒಂದೇ ವಾಕ್ಯ. ಒಂದೊಂದಕ್ಕೂ ಪರಿಹಾರ ಬೇರೆ ಬೇರೆ ಇರುವಾಗ ಇದರಿಂದ ಯಾರಿಗೆ ಏನು ಪ್ರಯೋಜನ?

ಸಾಲಿನ ಸಂಖ್ಯೆ ತೋರಿಸಿದಾಗಲೂ ನಂಬುವಂತಿಲ್ಲ. ಲಾಗ್ ಫೈಲ್‌ನಲ್ಲಿ ಟೆಕ್ ಪ್ರತಿ ಸಾಲನ್ನು 79 ಅಕ್ಷರಕ್ಕೆ ಕತ್ತರಿಸುತ್ತದೆ. ಫೈಲ್ ಇರುವ ಜಾಗದ ಪೂರ್ತಿ ಹೆಸರು ಉದ್ದವಾಗಿದ್ದರೆ ಅದು ಎರಡು ತುಂಡಾಗುತ್ತದೆ. ಆ ತುಂಡುಗಳನ್ನು ಜೋಡಿಸಲು ಆಡ್-ಆನ್ ತಡಕಾಡಿ, ಮೂರನೇ ಅಧ್ಯಾಯದ ತಪ್ಪನ್ನು ಒಂದನೇ ಅಧ್ಯಾಯದ ಮೇಲೆ ಹೊರಿಸುತ್ತದೆ. 'ಮ್ಯಾಕ್ಸ್ ಪ್ರಿಂಟ್ ಲೈನ್' ಎಂಬ ಸೆಟ್ಟಿಂಗನ್ನು ದೊಡ್ಡದು ಮಾಡಿದರೆ ಇದು ನಿಲ್ಲುತ್ತದೆ. ಇದೂ ಎಷ್ಟೋ ಕಾಲದಿಂದ ತಿಳಿದಿರುವ ವಿಷಯವೇ. ಆಡ್-ಆನ್ ತಾನೇ ಅದನ್ನು ದೊಡ್ಡದು ಮಾಡಿ ಓಡಿಸಿದರೆ ಕೈ ಸವೆಯುತ್ತದಾ?

ಇದೆಲ್ಲ ಕೇಳಿದರೆ ಬರುವ ಸಲಹೆ ಒಂದೇ: "ಎಲ್ಲ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ." ಪೂರ್ತಿ ಟೆಕ್ ಲೈವ್ ಅಂದರೆ ಹಲವು ಜಿಬಿ. ನಮ್ಮ ಊರಿನಲ್ಲಿ ಮೊಬೈಲ್ ಡೇಟಾದಲ್ಲಿ ಅದನ್ನು ಇಳಿಸಿ ನೋಡಲಿ ಹೇಳಿದವರು. ಮೇಲಿನ ಯಾವ ತೊಂದರೆಗೂ ಅದು ಬೇಕಾಗಿಲ್ಲ. ಲಾಗ್ ಓದಿ ಎಂದು ಹೇಳುವ ಬದಲು ಇದನ್ನು ಹೇಳುವವರ ಮೇಲೆ ನನಗೆ ಆಡ್-ಆನ್ ಮೇಲಿರುವಷ್ಟೇ ಕೋಪ ಇದೆ.

ಇವನ್ನು ಬರೆಯುವವರು ಜಾಸ್ತಿ ಜನ ಬಿಡುವಿನಲ್ಲಿ, ದುಡ್ಡು ತೆಗೆದುಕೊಳ್ಳದೆ ಬರೆಯುತ್ತಾರೆ. ಅದು ಗೊತ್ತು, ಆ ದುಡಿಮೆಗೆ ನನ್ನ ಗೌರವ ಇದೆ. ಆದರೆ ಅವರು ಹೊಸ ಹೊಸ ಬಣ್ಣದ ಥೀಮ್‌ಗೆ, ಸೈಡ್‌ಬಾರ್‌ನ ಐಕಾನ್‌ಗೆ ಸಮಯ ಕೊಡುತ್ತಿರುವುದನ್ನು ಪ್ರತಿ ಅಪ್‌ಡೇಟ್‌ನಲ್ಲೂ ನೋಡುತ್ತಿದ್ದೇನೆ. ಇಂಗ್ಲಿಷ್‌ನಲ್ಲಿ ಬರೆಯುವವರ ಪುಟದಿಂದ ಹೀಗೆ ಪದಗಳು ಕಾಣೆಯಾಗಿದ್ದರೆ ಮರುದಿನವೇ ರಿಪೇರಿ ಬರುತ್ತಿತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಲಾಗ್‌ನಲ್ಲಿ 'ಮಿಸ್ಸಿಂಗ್ ಕ್ಯಾರೆಕ್ಟರ್' ಎಂಬ ಸಾಲು ಕಂಡರೆ ಹಸಿರು ಟಿಕ್ ಹಾಕಬೇಡಿ. ಕೆಂಪು ಗುರುತು ಹಾಕಿ, ಯಾವ ಅಕ್ಷರ, ಯಾವ ಫಾಂಟ್ ಎಂದು ತೋರಿಸಿ. ಎರಡೂ ಆ ಸಾಲಿನಲ್ಲೇ ಇವೆ.