ಧರ್ಮಸಭೆಯೂ ಪಾಪನಿವೇದನೆಗೆ ಮಂಡಿಯೂರಲಿ

ಕಥೋಲಿಕ ಕ್ರೈಸ್ತ ಮಕ್ಕಳಾದ ನಮಗೆ, ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯಾದ ಪರಮಪ್ರಸಾದವನ್ನು ಮೊದಲ ಬಾರಿ ಸ್ವೀಕರಿಸುವ ಮುಂಚೆ, ಪಾಪನಿವೇದನೆಯ, ಅಂದರೆ ಗುರುಗಳ ಬಳಿ ಪಾಪ ಒಪ್ಪಿಕೊಳ್ಳುವ ವಿಧಿಯ, ಐದು ಹೆಜ್ಜೆಗಳನ್ನು ಬಾಯಿಪಾಠ ಮಾಡಿಸಿದ್ದರು. ಮನಸ್ಸಾಕ್ಷಿಯನ್ನು ಶೋಧಿಸಿಕೊಳ್ಳುವುದು, ಪಶ್ಚಾತ್ತಾಪಪಡುವುದು, ಇನ್ನು ಮಾಡೆನೆಂದು ನಿಶ್ಚಯಿಸುವುದು, ಗುರುಗಳ ಮುಂದೆ ಬಾಯಿಬಿಟ್ಟು ಹೇಳುವುದು, ಕೊಟ್ಟ ಪ್ರಾಯಶ್ಚಿತ್ತವನ್ನು ತೀರಿಸುವುದು. ಮಂಡಿಯೂರುವ ಹಲಗೆ ಒತ್ತುತ್ತಿತ್ತು, ಜಾಲರಿಯಾಚೆ ಗುರುಗಳ ಕಿವಿಯಷ್ಟೇ ಕಾಣುತ್ತಿತ್ತು. ‘ತಮ್ಮ ಕೀಟಲೆ ಮಾಡಿದ, ಅದಕ್ಕೇ ಹೊಡೆದೆ’ ಎಂದೆ. ‘ತಮ್ಮನ ಪಾಪವನ್ನು ಅವನೇ ಹೇಳಿಕೊಳ್ಳಲಿ, ನೀನು ನಿನ್ನದನ್ನು ಹೇಳು ಮಗು’ ಎಂಬ ಮೆಲುದನಿ ಬಂತು.

ಧರ್ಮಸಭೆ, ಅಂದರೆ ನಮ್ಮ ಕಥೋಲಿಕ ಚರ್ಚು, ಈ ಕಾಲಕ್ಕೆ ಪ್ರಸ್ತುತವೇ ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ಯುವಜನರು ಬರುತ್ತಿಲ್ಲ, ಆದ್ದರಿಂದ ಹಾಡಿನ ಧಾಟಿ ಬದಲಾಗಲಿ, ಪ್ರಬೋಧನೆ ಚಿಕ್ಕದಾಗಲಿ, ಪರದೆ ತೂಗುಹಾಕೋಣ ಎನ್ನುತ್ತಾರೆ. ಆಗಲಿ, ಬೇಡವೆನ್ನುವುದಿಲ್ಲ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ, ಅಂದರೆ ಜಗತ್ತಿನ ಬಿಷಪರ ಸಭೆ, ನಮ್ಮ ಮುಖ್ಯ ಆರಾಧನೆಯಾದ ಬಲಿಪೂಜೆಯನ್ನು ಲ್ಯಾಟಿನ್‌ನಿಂದ ಜನರ ಭಾಷೆಗೆ ತಂದದ್ದು ದೊಡ್ಡ ಉಪಕಾರವೇ. ಆದರೆ ಜನ ದೂರವಾಗುತ್ತಿರುವುದು ಹಾಡು ಹಳೆಯದೆಂದಲ್ಲ. ನಮ್ಮಿಂದ ಮಂಡಿಯೂರಿಸಿದವರು ತಾವು ಮಂಡಿಯೂರಲು ಹಿಂಜರಿದರಲ್ಲ, ಪೆಟ್ಟು ಬಿದ್ದದ್ದು ಅಲ್ಲಿ.

ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದ ವಿಜ್ಞಾನಿ ಗೆಲಿಲಿಯೋಗೆ ಧರ್ಮಸಭೆ ಶಿಕ್ಷೆ ವಿಧಿಸಿದ್ದು 1633ರಲ್ಲಿ. ಅಂದಿನ ದೇವಶಾಸ್ತ್ರಜ್ಞರು ಎಡವಿದ್ದರೆಂದು ಪೋಪ್ ಎರಡನೇ ಜಾನ್ ಪಾಲ್ ಹೇಳಿದ್ದು 1992ರಲ್ಲಿ. ನಡುವೆ 359 ವರ್ಷ! ಅದೇ ಪೋಪ್ 2000ದ ಮಾರ್ಚ್‌ನಲ್ಲಿ ಶತಮಾನಗಳ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. ಅದಕ್ಕೆ ಧೈರ್ಯ ಬೇಕು, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಆ ಪ್ರಾರ್ಥನೆಯ ಪ್ರಕಾರವೂ ಪಾಪ ಮಾಡಿದ್ದು ಧರ್ಮಸಭೆಯ ‘ಮಕ್ಕಳು’, ಅಂದರೆ ಅದರ ಸದಸ್ಯರು, ಧರ್ಮಸಭೆಯಲ್ಲ. ಜಾಲರಿಯ ಮುಂದೆ ನಾನು ತಮ್ಮನ ಹೆಸರು ಹೇಳಿದಂತೆಯೇ ಇದು.

ಗುರುಗಳೇ ಮಕ್ಕಳ ಮೇಲೆ ಎಸಗಿದ ಲೈಂಗಿಕ ದೌರ್ಜನ್ಯದ ವಿಷಯಕ್ಕೆ ಬಂದರೆ ನನ್ನ ಕೈ ನಡುಗುತ್ತದೆ. 2002ರಲ್ಲಿ ಅಮೆರಿಕದ ಬಾಸ್ಟನ್ ನಗರದ ಪತ್ರಿಕೆಯೊಂದು ಅದನ್ನು ಬಯಲಿಗೆಳೆಯಿತು. ಆರೋಪ ಹೊತ್ತ ಗುರುಗಳನ್ನು ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ವರ್ಗ ಮಾಡುತ್ತ ಬರಲಾಗಿತ್ತು. ಅಲ್ಲಿನ ಧರ್ಮಸಭೆಯ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ಬರ್ನಾರ್ಡ್ ಲಾ ಆ ವರ್ಷದ ಕೊನೆಗೆ ಪದತ್ಯಾಗ ಮಾಡಿದರು. 2004ರಲ್ಲಿ ಅವರಿಗೆ ರೋಮಿನ ಮಹಾದೇವಾಲಯವೊಂದರ ಹೊಣೆ ಸಿಕ್ಕಿತು. ಪ್ರಾಯಶ್ಚಿತ್ತವೆಂದರೆ ಇದೇ? ಇಂಥ ಪ್ರಕರಣಗಳ ವಿವರವನ್ನು ಗುಟ್ಟಾಗಿಡಬೇಕೆಂಬ ‘ಪೋಪರ ಗೌಪ್ಯ’ದ ನಿಯಮ ರದ್ದಾಗಲು 2019ರ ಡಿಸೆಂಬರ್ ಬರಬೇಕಾಯಿತು.

ಆದರೂ ನಾನು ಆಸೆ ಬಿಟ್ಟಿಲ್ಲ, ಅದಕ್ಕೆ ಕಾರಣ ಚಿಲಿ. 2018ರ ಜನವರಿಯಲ್ಲಿ ಅಲ್ಲಿಗೆ ಹೋದ ಪೋಪ್ ಫ್ರಾನ್ಸಿಸ್, ದೌರ್ಜನ್ಯವನ್ನು ಮುಚ್ಚಿಟ್ಟ ಆರೋಪವಿದ್ದ ಬಿಷಪರೊಬ್ಬರ ಪರ ನಿಂತು, ದೂರುಗಳೆಲ್ಲ ಸುಳ್ಳು ಅಪವಾದ ಎಂದುಬಿಟ್ಟರು. ಆಮೇಲೆ ತನಿಖೆಗೆ ಕಳಿಸಿದರು, ವರದಿ ಓದಿದರು. ಏಪ್ರಿಲ್‌ನಲ್ಲಿ ಪತ್ರ ಬರೆದು ತಮ್ಮ ಅಂದಾಜು ಗಂಭೀರವಾಗಿ ತಪ್ಪಿತ್ತೆಂದು ಒಪ್ಪಿಕೊಂಡರು. ನೊಂದವರನ್ನು ತಾವಿದ್ದ ಮನೆಗೇ ಕರೆಸಿಕೊಂಡು ಕ್ಷಮೆ ಕೇಳಿದರು. ಪಂಡಿತರು ಏನೇ ಹೇಳಲಿ, ಅಂದು ಪೋಪರ ಅಧಿಕಾರ ಕುಗ್ಗಿತೆಂದು ನನಗೆ ಅನಿಸಲಿಲ್ಲ. ಅವರ ಮಾತನ್ನು ನಾನು ನಿಜವಾಗಿ ಕೇಳತೊಡಗಿದ್ದೇ ಅಂದಿನಿಂದ.

ಸ್ತ್ರೀಯರಿಗೆ ಗುರುದೀಕ್ಷೆ ಕೊಟ್ಟು ಅವರನ್ನೂ ಗುರುಗಳನ್ನಾಗಿಸಬಹುದೇ ಎಂಬಂಥ ಪ್ರಶ್ನೆಗಳಲ್ಲಿ ನನ್ನ ನಿಲುವು ಬೇರೆ, ಮನೆಯ ಹಿರಿಯರ ನಿಲುವು ಬೇರೆ. ಅದನ್ನು ವಾದಿಸುತ್ತ ಒಟ್ಟಿಗೆ ಬಾಳಬಹುದು. ಮುಚ್ಚಿಟ್ಟ ಕಡತದ ಜೊತೆ ಬಾಳುವುದು ಹೇಗೆ?

ಬಲಿಪೂಜೆಯ ಆರಂಭದಲ್ಲಿ ನಾವೆಲ್ಲ ಎದೆ ತಟ್ಟಿಕೊಂಡು ಪಾಪ ಒಪ್ಪಿಕೊಳ್ಳುತ್ತೇವೆ, ಪೀಠದ ಬಳಿಯ ಗುರುಗಳೂ ತಟ್ಟಿಕೊಳ್ಳುತ್ತಾರೆ. ನಾನು ಕೇಳುವುದು ಅದರ ಮುಂದಿನ ಹೆಜ್ಜೆಯನ್ನು. ಬಿಷಪರೊಬ್ಬರ ಆಡಳಿತದಲ್ಲಿರುವ ಪ್ರತಿ ಧರ್ಮಪ್ರಾಂತ್ಯವೂ ತನ್ನ ಹಳೆಯ ಕಡತಗಳನ್ನು ತೆರೆದು ಹೊರಗಿನ ತನಿಖೆಗೆ ಒಪ್ಪಿಸಲಿ, ನೊಂದವರು ನ್ಯಾಯಾಲಯದ ಮೆಟ್ಟಿಲೇರುವ ಮುಂಚೆಯೇ ಬಿಷಪರು ಅವರ ಮನೆ ಬಾಗಿಲಿಗೆ ಹೋಗಲಿ.