ಐ.ಪಿ. ಹಾಕಿದರೆ ಜಡ್ಜ್ ವಾಪಸ್ ಕಳಿಸಿಬಿಡ್ತಾರಾ?

ನಮ್ಮ ಶಿಡ್ಲಘಟ್ಟದ ಕಡೆ ‘ಐ.ಪಿ. ಹಾಕಿದ’ ಅಂದರೆ ಮುಂದಿನ ಮಾತೇ ಬೇಕಿಲ್ಲ. ಇನ್‌ಸಾಲ್ವೆನ್ಸಿ ಪಿಟಿಷನ್, ಅಂದರೆ ‘ಸಾಲ ತೀರಿಸಲು ಆಗುತ್ತಿಲ್ಲ, ನನ್ನನ್ನು ದಿವಾಳಿ ಅಂತ ಘೋಷಿಸಿ’ ಅನ್ನುವ ಕೋರ್ಟ್ ಅರ್ಜಿ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಕೇಳಿಸಿಕೊಂಡವರು ಒಂದೋ ‘ಪಾಪ’ ಅನ್ನುತ್ತಾರೆ, ಇಲ್ಲ ‘ಎಲ್ಲರಿಗೂ ಟೋಪಿ ಹಾಕಿದ’ ಅನ್ನುತ್ತಾರೆ.

ನಮ್ಮ ಭಾವ ರೇಷ್ಮೆ ರೀಲರ್, ಗೂಡಿನಿಂದ ನೂಲು ತೆಗೆಯುವ ಕಸುಬು. ಗೂಡಿನ ರೇಟು ಏರಿದಾಗ ಕೊಂಡರು, ನೂಲಿನ ರೇಟು ಬಿದ್ದಾಗ ಮಾರಿದರು. ಬ್ಯಾಂಕು, ಸಂಘ, ಚೀಟಿ, ಕೈಸಾಲ ಎಲ್ಲ ಸೇರಿ 19 ಲಕ್ಷ ಆಯಿತು. ಎರಡು ವರ್ಷದ ಹಿಂದೆ ಒಂದು ಸಂಜೆ ಫೋನ್ ಮಾಡಿದವರು ಬೇರೇನೂ ಮಾತಾಡಲಿಲ್ಲ. “ಅರ್ಜಿ ಹಾಕಿದ ಮೇಲೆ ಜಡ್ಜ್ ಆಗಲ್ಲ ಅಂದುಬಿಟ್ಟರೆ ಏನು ಗತಿ? ಮಾನವೂ ಹೋಯ್ತು, ಸಾಲವೂ ಉಳೀತು ಅಂತಾಗುತ್ತಲ್ಲ.”

ಚಿಕ್ಕಬಳ್ಳಾಪುರದಲ್ಲಿ ಒಬ್ಬ ಹಿರಿಯ ಲಾಯರ್ ಹತ್ತಿರ ಕರೆದುಕೊಂಡು ಹೋದೆ. ಅವರು ನಕ್ಕು, “ವಜಾ ಮಾಡಬಹುದು. ಆದರೆ ನೀವು ಹೆದರಿರೋ ಕಾರಣಕ್ಕಲ್ಲ” ಅಂದರು.

ನಮ್ಮಂಥ ಸಾಮಾನ್ಯರಿಗೆ ಈಗಲೂ ಇರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು, ನಿಜ. ಅದರಲ್ಲಿ ವ್ಯಕ್ತಿಗಳ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದಿದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ರೀಲರ್, ತರಕಾರಿ ವ್ಯಾಪಾರಿ, ಮೇಷ್ಟ್ರು ಎಲ್ಲರೂ ಹಳೇ ಕಾನೂನಿನ ಬಾಗಿಲಿಗೇ ಹೋಗಬೇಕು.

ಆ ಬಾಗಿಲು ಅಷ್ಟೇನೂ ಚಿಕ್ಕದಲ್ಲ. ಸಾಲ ತೀರಿಸಲು ಆಗುತ್ತಿಲ್ಲ ಅನ್ನುವುದು ಮೇಲ್ನೋಟಕ್ಕೆ ಕಾಣಬೇಕು. ಮೂಲ ಕಾಯ್ದೆಯ ಪ್ರಕಾರ ಸಾಲ ಕನಿಷ್ಠ 500 ರೂಪಾಯಿ ಇರಬೇಕು. ಕಟ್ಟಬೇಕು ಅಂತ ಕೋರ್ಟ್ ಡಿಕ್ರಿ ಕೊಟ್ಟ ಸಾಲಕ್ಕೆ ಬಂಧನವೋ ಜಪ್ತಿಯೋ ಆಗಿದ್ದರೂ ಅರ್ಜಿ ಹಾಕಬಹುದು. ಅರ್ಜಿ ಹಾಕುವ ಹಕ್ಕೇ ಇಲ್ಲ ಅಂತ ಕಂಡರೆ ಸೆಕ್ಷನ್ 25ರ ಕೆಳಗೆ ವಜಾ. ಆದರೆ ‘ನೀನು ಸರಿಯಾಗಿ ನಡೆದುಕೊಂಡಿಲ್ಲ’ ಅಂತ ಬಾಗಿಲಲ್ಲೇ ತಳ್ಳುವ ಹಾಗಿಲ್ಲ. 1916ರಲ್ಲೇ ಛತ್ರಪತ್ ಸಿಂಗ್ ದುಗಾರ್ ಪ್ರಕರಣದಲ್ಲಿ ಆಗಿನ ಅತ್ಯುನ್ನತ ಮೇಲ್ಮನವಿ ಕೋರ್ಟ್ ಆಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದನ್ನು ಹೇಳಿದೆ: ಷರತ್ತು ಪೂರೈಸಿದವನಿಗೆ ದಿವಾಳಿ ಆದೇಶ ಕೊಡಬೇಕು, ಅವನ ನಡತೆಯನ್ನು ಆಮೇಲೆ, ಋಣಮುಕ್ತಿ ಕೇಳಿದಾಗ ನೋಡಬೇಕು.

ಆ ‘ಆಮೇಲೆ’ ಇದೆಯಲ್ಲ, ನಮ್ಮ ಜನ ಅದನ್ನು ಕೇಳುವುದೇ ಇಲ್ಲ. ದಿವಾಳಿ ಅಂತ ಆದೇಶ ಆದ ತಕ್ಷಣ ಸಾಲ ಹೋಗುವುದಿಲ್ಲ. ಕೋರ್ಟ್ ಕೊಟ್ಟ ಗಡುವಿನೊಳಗೆ ಡಿಸ್ಚಾರ್ಜ್‌ಗೆ, ಅಂದರೆ ಋಣಮುಕ್ತಿಗೆ, ಬೇರೆ ಅರ್ಜಿ ಹಾಕಬೇಕು. ಮರೆತರೆ ಮೊದಲ ಆದೇಶವೇ ರದ್ದು. ಜೂಜು, ಸಟ್ಟಾ ಆಡಿದ್ದರೆ, ಲೆಕ್ಕ ಇಟ್ಟಿಲ್ಲದಿದ್ದರೆ, ತೀರಿಸಲು ಆಗಲ್ಲ ಅಂತ ಗೊತ್ತಿದ್ದೂ ವ್ಯಾಪಾರ ಮುಂದುವರಿಸಿದ್ದರೆ ಪೂರ್ತಿ ಬಿಡುಗಡೆ ಸಿಗದು. ಆಸ್ತಿಯಿಂದ ರೂಪಾಯಿಗೆ ಎಂಟಾಣೆಯೂ ಹುಟ್ಟದಿದ್ದರೆ ಅದು ನನ್ನ ತಪ್ಪಿನಿಂದಲ್ಲ ಅಂತ ತೋರಿಸಬೇಕು.

ಲೆಕ್ಕ ಅಂದಾಗ ಭಾವನ ಮುಖ ಬಿಳಿಚಿಕೊಂಡಿತು. ಕೈಸಾಲವೆಲ್ಲ ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದದ್ದು. ಗೂಡಿನ ಮಾರುಕಟ್ಟೆಯ ಬಿಲ್ಲುಗಳನ್ನು ಮಾತ್ರ ಅಕ್ಕ ಎಸೆದಿರಲಿಲ್ಲ. ಅಟ್ಟದ ಮೇಲಿನ ಅಕ್ಕಿ ಚೀಲದಲ್ಲಿ ತುಂಬಿಟ್ಟಿದ್ದಳು, ಒಲೆ ಹಚ್ಚೋಕೆ ಆಗುತ್ತೆ ಅಂತ! ಚೀಲ ನೋಡಿ ಲಾಯರ್‌ಗೆ ಆದ ಖುಷಿ ಹೇಳತೀರದು.

ಆಮೇಲೆ ಸಾಲ ಕೊಟ್ಟವರ ಪಟ್ಟಿ ಬರೆಯಲು ಕೂತೆವು. ಭಾವನ ಅಣ್ಣನ ಹೆಸರು ಬರಲಿಲ್ಲ. “ಅವರದ್ದು ಹೋದ ತಿಂಗಳು ಕೊಟ್ಟುಬಿಟ್ಟೆ ಸಾರ್, ಒಂದು ಲಕ್ಷ. ಮನೆಯವರ ದುಡ್ಡು ಅಲ್ವಾ?” ಲಾಯರ್ ಪೆನ್ನು ಕೆಳಗಿಟ್ಟರು. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಸಾಲ ಕೊಟ್ಟವರಲ್ಲಿ ಒಬ್ಬನಿಗೆ ಮಾತ್ರ ಅನುಕೂಲ ಮಾಡಿಕೊಡಲೆಂದೇ ದುಡ್ಡು ಕೊಟ್ಟಿದ್ದರೆ ಕೋರ್ಟ್ ಅದನ್ನು ರದ್ದು ಮಾಡಬಹುದು. ಸೈಟನ್ನು ಹೆಂಡತಿ ಹೆಸರಿಗೆ ಸುಮ್ನೆ ಬರೆದುಕೊಟ್ಟರೂ ಹಿಂದಿನ ಎರಡು ವರ್ಷದೊಳಗಿನದಾದರೆ ಅದೂ ರದ್ದಾಗಬಹುದು. ನಾನಾಗಿದ್ದರೂ ಮೊದಲು ಅಣ್ಣನಿಗೇ ಕೊಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಉಳಿದವರ ಪಾಲಿನಿಂದ ಅಲ್ವಾ ಕೊಟ್ಟಂತೆ? ಅಣ್ಣನ ಹೆಸರು, ಆ ಲಕ್ಷ, ತಾರೀಖು ಎಲ್ಲ ಅರ್ಜಿಯಲ್ಲೇ ಬರೆಸಿದೆವು.

ಅಕ್ಕನ ಚಿಂತೆ ಬೇರೆ. “ತಾಳಿ ಕಿತ್ಕೋತಾರಾ?” ಇಲ್ಲ. ಜಪ್ತಿ ಮಾಡಬಾರದ್ದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 60ರಲ್ಲಿ ಒಂದು ಪಟ್ಟಿ ಇದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಧರ್ಮದ ಪದ್ಧತಿ ಪ್ರಕಾರ ಹೆಣ್ಣುಮಗಳು ಮೈಮೇಲಿಂದ ತೆಗೆಯಬಾರದ ಒಡವೆ ಅದರಲ್ಲಿವೆ. “ಪಾತ್ರೆನೂ ಬರೆದಿದ್ದಾರಾ?” ಅಂತ ಅಕ್ಕ ನಕ್ಕಳು. ಅವಳು ನಕ್ಕು ತುಂಬ ದಿನವಾಗಿತ್ತು.

ಹಾಗಂತ ಇದು ಎಲ್ಲ ರೋಗಕ್ಕೂ ಮದ್ದಲ್ಲ. ಅಡವಿಟ್ಟ ಆಸ್ತಿಯ ಮೇಲೆ ಬ್ಯಾಂಕಿನ ಹಕ್ಕು ಹಾಗೇ ಇರುತ್ತದೆ. ಚೆಕ್ ಬೌನ್ಸ್ ಕೇಸ್ ಇದರಿಂದ ಬಿದ್ದುಹೋಗುವುದಿಲ್ಲ. ಸರ್ಕಾರದ ಬಾಕಿ, ಮೋಸದಿಂದ ಮಾಡಿದ ಸಾಲ ಡಿಸ್ಚಾರ್ಜ್ ಆದರೂ ಬೆನ್ನು ಬಿಡವು.

ನನ್ನ ಸಿಟ್ಟು ಕೋರ್ಟಿನ ಮೇಲಲ್ಲ. ಬಡವರಿಗೆ ಅಂತ 2016ರ ಸಂಹಿತೆಯಲ್ಲಿ ‘ಹೊಸ ಆರಂಭ’ದ ಒಂದು ಅಧ್ಯಾಯ ಇದೆ. ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ದಾಟಬಾರದು, ಸ್ವಂತ ಮನೆಯೂ ಇರಬಾರದು. ಎರಡು ಸಂಘದ ಸಾಲ ತೆಗೆದರೆ ಸಾಕು, 35,000 ದಾಟುತ್ತದೆ. ಅಷ್ಟು ಚಿಕ್ಕ ಕಿಟಕಿಯನ್ನೂ ಸರ್ಕಾರ ತೆರೆಯಲಿಲ್ಲ, ಜಾರಿಗೇ ತರಲಿಲ್ಲ.

ಭಾವನ ಅರ್ಜಿ ವಜಾ ಆಗಲಿಲ್ಲ. ದಿವಾಳಿ ಅಂತ ಆದೇಶ ಆಗಿದೆ, ಡಿಸ್ಚಾರ್ಜ್ ಇನ್ನೂ ಬಾಕಿ. ಅಲ್ಲಿಯವರೆಗೆ ತಾನು ದಿವಾಳಿ ಅಂತ ಹೇಳದೆ 50 ರೂಪಾಯಿಯ ಸಾಲ ಪಡೆದರೂ ಅಪರಾಧ. ಮೊನ್ನೆ ಮಾರುಕಟ್ಟೆ ಹತ್ತಿರ ನಾವು ಐದು ಜನ ಟೀ ಕುಡಿದೆವು. ಭಾವ ಅಭ್ಯಾಸಬಲದಿಂದ “ಬರ್ಕೊಳಪ್ಪ” ಅಂದವರು, ಬೆರಳಲ್ಲಿ ಲೆಕ್ಕ ಹಾಕಿ, ಜೇಬಿಗೆ ಕೈ ಹಾಕಿದರು.