ರೈಡು ನಿಲ್ಲಿಸಿದವರಿಗೆ ಬೈಯಬೇಡಿ

ಮೊನ್ನೆ ಪಾರ್ಕಿನಲ್ಲಿ ರೋಲರ್ ಕೋಸ್ಟರ್ ಇದ್ದಕ್ಕಿದ್ದಂತೆ ನಿಲ್ಲಿಸಿದರು. ಕ್ಯೂನಲ್ಲಿದ್ದವರು ಗೇಟಿನ ಹುಡುಗನ ಮೇಲೆ ಕೂಗಾಡಿದರು. 'ದುಡ್ಡು ಕೊಟ್ಟು ಬಂದಿದ್ದೀವಿ, ಮೊದಲೇ ನೋಡ್ಕೊಳ್ಳೋಕೆ ಆಗಲ್ವಾ?' ನನಗೆ ಸಂಕಟವಾಯಿತು. ನಾಲ್ಕು ವರ್ಷ ಇಂಥ ರೈಡುಗಳ ಮೆಂಟೆನೆನ್ಸ್‌ನಲ್ಲಿ ರಾತ್ರಿ ಪಾಳಿ ಮಾಡಿದವನು ನಾನು.

ಮೊದಲೇ ನೋಡಿರುತ್ತಾರೆ. ನೀವೆಲ್ಲ ಮನೆಗೆ ಹೋದ ಮೇಲೆ ಶುರುವಾಗುವ ಕೆಲಸ ಅದು. ಮೇನ್ ಸ್ವಿಚ್ ಆಫ್ ಮಾಡಿ, ಕೆಲಸಕ್ಕಿಳಿಯುವ ಪ್ರತಿಯೊಬ್ಬರೂ ಅದಕ್ಕೆ ತಮ್ಮದೇ ಬೀಗ ಹಾಕಬೇಕು. ಕೀಲಿ ಅವರವರ ಜೇಬಿನಲ್ಲೇ. ಐದು ಜನ ಮೇಲೆ ಹತ್ತಿದ್ದರೆ ಐದು ಬೀಗ. ಕೊನೆಯವನು ಇಳಿದು ಬಂದು ತನ್ನ ಬೀಗ ತೆಗೆಯುವ ತನಕ, ಯಾರು ಹೇಳಿದರೂ ಕರೆಂಟ್ ಕೊಡುವ ಹಾಗಿಲ್ಲ.

ಆಮೇಲೆ ಟಾರ್ಚು ಹಿಡಿದು ಟ್ರ್ಯಾಕ್ ಉದ್ದಕ್ಕೂ ನಡಿಗೆ. ಬೋಲ್ಟು ಬಿಗಿ ಮಾಡಿದಾಗ ನಟ್ಟಿನಿಂದ ಪಕ್ಕದ ಕಬ್ಬಿಣದವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆದಿರುತ್ತೇವೆ. ನಟ್ಟು ಚೂರು ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ಅಂಥ ಗೆರೆಗಳು ಲೆಕ್ಕವಿಲ್ಲದಷ್ಟು. ಬೆಳಗಿನ ಜಾವ ಮೂರು ಗಂಟೆಗೆ ಕಣ್ಣು ಎಳೆಯುತ್ತಿರುತ್ತದೆ. ಆಗಲೂ ಸುಮ್ನೆ ನೋಡಿದ ಹಾಗೆ ಮಾಡಿ ಮುಂದೆ ಹೋಗದವರ ಮೇಲೆ ನನಗೆ ಬಹಳ ಗೌರವ.

ಚಕ್ರಗಳು ಹಳಿಯ ಮೇಲೆ ಮಾತ್ರ ಇರಲ್ಲ. ಪಕ್ಕಕ್ಕೂ ಇರುತ್ತವೆ, ಹಳಿಯ ಕೆಳಗೂ ಇರುತ್ತವೆ. ಗಾಡಿ ಮೇಲೇಳದಂತೆ ಹಿಡಿಯುವುದು ಆ ಕೆಳಗಿನ ಚಕ್ರ. ಅಮೆರಿಕದ ಜಾನ್ ಮಿಲ್ಲರ್ 1919ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಸರಪಳಿ ಎತ್ತರಕ್ಕೆ ಎಳೆಯುವಾಗ ಟಕಟಕ ಅನ್ನುತ್ತದಲ್ಲ, ನಿಮಗೆ ಎದೆ ಡವಡವ ಅನ್ನಿಸುವ ಆ ಸದ್ದು? ಗಾಡಿ ಹಿಂದಕ್ಕೆ ಜಾರದಂತೆ ತಡೆಯುವ ಕೊಕ್ಕೆ ಒಂದೊಂದೇ ಹಲ್ಲಿಗೆ ಬೀಳುವ ಸದ್ದು ಅದು. ನನಗಂತೂ ಅದನ್ನು ಕೇಳಿದರೆ ಸಮಾಧಾನ.

ಬೆಳಿಗ್ಗೆ ಖಾಲಿ ಗಾಡಿ ಓಡಿಸಿ ನೋಡಿದ ಮೇಲೆಯೇ ಗೇಟು ತೆರೆಯುವುದು. ಆದರೂ ಹಗಲಲ್ಲಿ ಒಂದು ಸೆನ್ಸರ್ ಅನುಮಾನ ತೋರಿಸಿದರೆ ರೈಡು ತಾನಾಗಿಯೇ ನಿಲ್ಲುತ್ತದೆ. ಅದು ಹಾಗೆ ನಿಲ್ಲಲೆಂದೇ ಕಟ್ಟಿದ್ದು. ನನ್ನ ಸಿಟ್ಟು ಪಾರ್ಕಿನವರ ಬೋರ್ಡಿನ ಮೇಲೆ. 'ತಾಂತ್ರಿಕ ಕಾರಣ' ಅಂತ ಎರಡೇ ಪದ ಬರೆದು ಬೈಗುಳಕ್ಕೆ ಆ ಹುಡುಗನನ್ನು ನಿಲ್ಲಿಸುತ್ತಾರೆ. 'ಒಂದು ಸೆನ್ಸರ್ ಸರಿಯಾಗಿ ಹೇಳುತ್ತಿಲ್ಲ, ನೋಡಿ ಬಿಡುತ್ತೇವೆ' ಅಂತ ಬರೆದರೆ ಜನಕ್ಕೆ ಅರ್ಥವಾಗಲ್ವಾ?

ಹತ್ತಿರ ಹೋಗಿ, 'ನಿಲ್ಲಿಸಿದ್ದು ಒಳ್ಳೇದಾಯ್ತಪ್ಪ' ಅಂದೆ. ಅವನು ಮಾತಾಡಲಿಲ್ಲ, ಮೇಲೆ ಕೈ ತೋರಿಸಿದ. ಬೆಲ್ಟು ಕಟ್ಟಿಕೊಂಡ ಇಬ್ಬರು ಆಗಲೇ ಅರ್ಧ ಏಣಿ ಹತ್ತಿದ್ದರು.